ಸ್ವಿಚ್‌ಗಳ ನಡುವೆ ಲೂಪ್: ಹುಡುಕುವ ಕ್ರಮ, ತಡೆಯುವ ಕ್ರಮ

ನೆಟ್‌ವರ್ಕ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಇಂಟರ್ನೆಟ್ ಮಾತ್ರವಲ್ಲ, ಅದೇ ಕೋಣೆಯ ಪ್ರಿಂಟರ್ ಕೂಡ ಸಿಗುವುದಿಲ್ಲ. ಸ್ವಿಚ್‌ನ ಐಪಿಗೆ ಪಿಂಗ್ ಕೊಟ್ಟರೆ ಹತ್ತರಲ್ಲಿ ಎರಡಕ್ಕೆ ಉತ್ತರ ಬರುತ್ತದೆ, ಅದೂ ನೂರಾರು ಮಿಲಿಸೆಕೆಂಡ್ ತಡವಾಗಿ. ರ‍್ಯಾಕ್ ಮುಂದೆ ನಿಂತರೆ ಎಲ್ಲ ಸ್ವಿಚ್‌ಗಳ ಎಲ್ಲ ಪೋರ್ಟ್ ದೀಪಗಳೂ ಒಂದೇ ತಾಳಕ್ಕೆ, ಬಿಡುವಿಲ್ಲದೆ ಮಿನುಗುತ್ತಿರುತ್ತವೆ. ಮಾಮೂಲು ದಿನ ಒಂದೊಂದು ಪೋರ್ಟ್ ಒಂದೊಂದು ರೀತಿಯಲ್ಲಿ ಮಿನುಗಬೇಕು. ಎಲ್ಲವೂ ಒಟ್ಟಿಗೆ ಕುಣಿಯುತ್ತಿದ್ದರೆ ಮೊದಲ ಅನುಮಾನ ಲೂಪ್ ಮೇಲೆ ಇರಲಿ, ಅಂದರೆ ಕೇಬಲ್‌ಗಳು ಸೇರಿ ಹೊರಟಲ್ಲಿಗೇ ಮರಳುವಂತೆ ಆಗಿರುವ ಸುತ್ತು ದಾರಿಯ ಮೇಲೆ.

ಒಂದು ಲೂಪ್ ಇಡೀ ಜಾಲವನ್ನು ಯಾಕೆ ಕೆಡವುತ್ತದೆ ಎಂಬುದು ಗೊತ್ತಿದ್ದರೆ ಹುಡುಕುವ ಕೆಲಸ ಅರ್ಧ ಹಗುರ. ಬ್ರಾಡ್‌ಕಾಸ್ಟ್ ಫ್ರೇಮ್ (ಜಾಲದ ಎಲ್ಲರಿಗೂ ಕಳಿಸಿದ ಈಥರ್ನೆಟ್ ಸಂದೇಶ) ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಎಣಿಕೆ ಇರುತ್ತದೆ; ಪ್ರತಿ ರೂಟರ್ ದಾಟಿದಾಗ ಒಂದೊಂದು ಕಡಿಮೆಯಾಗಿ, ಸೊನ್ನೆ ಮುಟ್ಟಿದರೆ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ನಲ್ಲಿ ಅಂಥದ್ದೇನೂ ಇಲ್ಲ. ಸುತ್ತಲು ದಾರಿ ಸಿಕ್ಕಿತೋ, ಕೇಬಲ್ ಕೀಳುವ ತನಕ ಅದು ಸುತ್ತುತ್ತಲೇ ಇರುತ್ತದೆ. ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಇದ್ದರೆ ಹಳೆಯ ಫ್ರೇಮ್‌ಗಳು ಸುತ್ತುತ್ತ, ಹೊಸವು ಸೇರಿಕೊಳ್ಳುತ್ತ ಹೋಗುತ್ತವೆ. ಮೂರು ಕೇಬಲ್ ಇದ್ದರೆ ಕಥೆಯೇ ಬೇರೆ: ಒಂದರಲ್ಲಿ ಬಂದದ್ದು ಉಳಿದೆರಡರಲ್ಲೂ ಹೋಗುವುದರಿಂದ ಪ್ರತಿ ಹೆಜ್ಜೆಗೂ ದುಪ್ಪಟ್ಟಾಗುತ್ತದೆ. ಗಿಗಾಬಿಟ್ ಲಿಂಕ್ ಒಂದರಲ್ಲಿ 64 ಬೈಟ್‌ನ ಫ್ರೇಮ್‌ಗಳು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 14.88 ಲಕ್ಷ ಹಿಡಿಸುತ್ತವೆ. ಆ ಮಿತಿಯವರೆಗೂ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಇದನ್ನೇ ಬ್ರಾಡ್‌ಕಾಸ್ಟ್ ಸ್ಟಾರ್ಮ್, ಅಂದರೆ ಬಿರುಗಾಳಿ ಎನ್ನುತ್ತಾರೆ.

ಬ್ರಾಡ್‌ಕಾಸ್ಟ್‌ನಿಂದ ಲಿಂಕ್ ತುಂಬುವುದು ಒಂದು ಹಾನಿ. ಇನ್ನೊಂದು ಹಾನಿ ಮ್ಯಾಕ್ ಟೇಬಲ್‌ಗೆ, ಅಂದರೆ ಯಾವ ಸಾಧನದ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂದು ಸ್ವಿಚ್ ಬರೆದಿಟ್ಟುಕೊಳ್ಳುವ ಪಟ್ಟಿಗೆ. ನಿಮ್ಮ ಸರ್ವರ್ ಕಳಿಸಿದ ಎಆರ್‌ಪಿ (ಐಪಿಗೆ ತಕ್ಕ ಮ್ಯಾಕ್ ವಿಳಾಸ ಕೇಳುವ) ಫ್ರೇಮ್ ಸುತ್ತಿ ಬಂದು ಬೇರೆ ಪೋರ್ಟ್‌ನಿಂದ ಒಳಬಂದಾಗ, ಸರ್ವರ್ ಈಗ ಆ ಕಡೆ ಇದೆ ಎಂದೇ ಸ್ವಿಚ್ ನಂಬುತ್ತದೆ. ಮರುಕ್ಷಣ ಸರ್ವರ್ ಮತ್ತೆ ಮಾತಾಡಿದರೆ ಹಳೆಯ ಪೋರ್ಟ್‌ಗೆ ಮರಳುತ್ತದೆ. ಹೀಗೆ ವಿಳಾಸಗಳು ಪೋರ್ಟ್‌ನಿಂದ ಪೋರ್ಟ್‌ಗೆ ಜಿಗಿಯುವುದರಿಂದ, ಬ್ರಾಡ್‌ಕಾಸ್ಟ್ ಅಲ್ಲದ ಸಾಮಾನ್ಯ ಸಂಚಾರವೂ ದಿಕ್ಕು ತಪ್ಪುತ್ತದೆ.

ನಿಜಕ್ಕೂ ಲೂಪೇ ಹೌದೇ?

ಒಂದು ಲ್ಯಾಪ್‌ಟಾಪನ್ನು ಯಾವುದಾದರೂ ಪೋರ್ಟ್‌ಗೆ ಸಿಕ್ಕಿಸಿ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಐದು ಸೆಕೆಂಡ್ ಮಾತ್ರ ಸಂಚಾರ ಹಿಡಿಯಿರಿ. ಹೆಚ್ಚು ಹಿಡಿದರೆ ಲ್ಯಾಪ್‌ಟಾಪೇ ಮಲಗಿಬಿಡಬಹುದು. ಒಂದೇ ಡಿಎಚ್‌ಸಿಪಿ ಡಿಸ್ಕವರ್ (ಐಪಿ ವಿಳಾಸ ಕೇಳುವ ಸಂದೇಶ), ಅದೇ ಟ್ರಾನ್ಸಾಕ್ಷನ್ ಐಡಿಯೊಂದಿಗೆ ಸಾವಿರಾರು ಸಲ ಬಂದಿದ್ದರೆ ಅದು ಲೂಪ್. ಐಪಿ ಪ್ಯಾಕೆಟ್ ಆದರೆ ಐಡೆಂಟಿಫಿಕೇಶನ್ ಸಂಖ್ಯೆ, ಟಿಟಿಎಲ್ ಎರಡೂ ಬದಲಾಗದೆ ನಕಲುಗಳು ಬರುತ್ತವೆ. ಟಿಟಿಎಲ್ ಇಳಿಯುತ್ತ ಹೋಗಿದ್ದರೆ ತಪ್ಪು ಇರುವುದು ರೂಟಿಂಗ್‌ನಲ್ಲಿ, ಸ್ವಿಚಿಂಗ್‌ನಲ್ಲಿ ಅಲ್ಲ. ಒಂದೇ ಮ್ಯಾಕ್ ವಿಳಾಸದಿಂದ ಬಂದರೂ ಪ್ರತಿ ಪ್ಯಾಕೆಟ್ ಬೇರೆ ಬೇರೆಯಾಗಿದ್ದರೆ, ಕೆಟ್ಟುಹೋದ ನೆಟ್‌ವರ್ಕ್ ಕಾರ್ಡ್ ಅಥವಾ ಹುಚ್ಚೆದ್ದ ಯಾವುದೋ ತಂತ್ರಾಂಶ ಕಾರಣವಿರಬಹುದು. ಅದಕ್ಕೂ ಸ್ಟಾರ್ಮ್ ಎನ್ನುತ್ತಾರೆ, ಆದರೆ ಮದ್ದು ಬೇರೆ.

ಸ್ವಿಚ್‌ನ ಲಾಗ್ ಇನ್ನೂ ಸ್ಪಷ್ಟ ಸಾಕ್ಷಿ. ಸಿಸ್ಕೊ ಸ್ವಿಚ್‌ಗಳಲ್ಲಿ ‘ಮ್ಯಾಕ್‌ಫ್ಲ್ಯಾಪ್’ ಎಂಬ ಎಚ್ಚರಿಕೆ ಬಂದಿರುತ್ತದೆ: ಇಂಥ ವಿಳಾಸ ಇಂಥ ವಿಎಲ್ಯಾನ್‌ನಲ್ಲಿ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲದಲ್ಲಿ) ಈ ಪೋರ್ಟ್‌ಗೂ ಆ ಪೋರ್ಟ್‌ಗೂ ನಡುವೆ ಹಾರಾಡುತ್ತಿದೆ ಎಂದು. ಒಂದೆರಡು ವಿಳಾಸ ಮಾತ್ರ ಹಾರಾಡುತ್ತಿದ್ದರೆ ವೈಫೈನಲ್ಲಿ ಓಡಾಡುತ್ತಿರುವ ಫೋನ್ ಇರಬಹುದು. ಹತ್ತಾರು ವಿಳಾಸಗಳು ಒಂದೇ ಜೋಡಿ ಪೋರ್ಟ್‌ಗಳ ನಡುವೆ ಹಾರಾಡುತ್ತಿದ್ದರೆ ಅನುಮಾನ ಬೇಡ. ಬ್ರಿಡ್ಜ್ (ತಂತ್ರಾಂಶದ ಸ್ವಿಚ್) ಇಟ್ಟುಕೊಂಡ ಲಿನಕ್ಸ್ ಯಂತ್ರವಿದ್ದರೆ ಅದರ ಕರ್ನಲ್ ಲಾಗ್ ಕೂಡ ನೋಡಿ. ತನ್ನದೇ ವಿಳಾಸ ಮೂಲವಾಗಿರುವ ಪ್ಯಾಕೆಟ್ ತನಗೇ ಬಂತು ಎಂದು ಅದು ದೂರಿರುತ್ತದೆ.

ಬಿರುಗಾಳಿಯ ನಡುವೆ ಹುಡುಕುವುದು

ಸ್ವಿಚ್‌ಗೆ ನೆಟ್‌ವರ್ಕ್ ಮೂಲಕ ಲಾಗಿನ್ ಆಗಲು ಹೆಣಗಾಡಬೇಡಿ. ಅದರ ಸಿಪಿಯು ಬ್ರಾಡ್‌ಕಾಸ್ಟ್ ನುಂಗುವುದರಲ್ಲೇ ಮುಳುಗಿರುತ್ತದೆ. ಕನ್ಸೋಲ್ ಕೇಬಲ್ ಹಾಕಿ. ಹೆಚ್ಚಿನ ಸ್ವಿಚ್‌ಗಳಲ್ಲಿ ವೇಗ 9600 ಅಥವಾ 115200, ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್.

ಈಗ ಪೋರ್ಟ್‌ಗಳ ಲೆಕ್ಕ ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಸಂಚಾರ ಹೆಚ್ಚಿರುವ ಪೋರ್ಟ್ ಯಾವುದು ಎಂದು ಹುಡುಕುತ್ತಾರೆ. ಎಲ್ಲ ಪೋರ್ಟ್‌ಗಳಲ್ಲೂ ಹೆಚ್ಚೇ ಇರುತ್ತದೆ, ಯಾಕೆಂದರೆ ಬ್ರಾಡ್‌ಕಾಸ್ಟ್ ಎಲ್ಲದರಿಂದಲೂ ಹೊರಹೋಗುತ್ತಿದೆ. ನೋಡಬೇಕಾದ್ದು ಒಳಬರುವ ಬ್ರಾಡ್‌ಕಾಸ್ಟ್. ಅಮಾಯಕ ಪೋರ್ಟ್‌ನಲ್ಲಿ ಹೊರಹೋಗುವುದು ಲಕ್ಷ, ಒಳಬರುವುದು ಬೆರಳೆಣಿಕೆ. ಒಳಬರುವುದೂ ಲಕ್ಷಗಟ್ಟಲೆ ಇದ್ದರೆ ಲೂಪ್ ಆ ಪೋರ್ಟ್‌ನ ಆಚೆ ಇದೆ, ಇಲ್ಲವೇ ಆ ಪೋರ್ಟೇ ಲೂಪ್‌ನ ಒಂದು ಭಾಗ. ಸಿಸ್ಕೊದಲ್ಲಿ ‘ಶೋ ಇಂಟರ್ಫೇಸಸ್ ಕೌಂಟರ್ಸ್’ ಆಜ್ಞೆಯನ್ನು ಹತ್ತು ಸೆಕೆಂಡ್ ಅಂತರದಲ್ಲಿ ಎರಡು ಸಲ ಕೊಟ್ಟು ವ್ಯತ್ಯಾಸ ನೋಡಿ. ‘ಶೋ ಇಂಟರ್ಫೇಸ್’ ತೋರಿಸುವ ದರ ಮೂಲತಃ ಐದು ನಿಮಿಷದ ಸರಾಸರಿ. ಈಗಷ್ಟೇ ಶುರುವಾದ, ಅಥವಾ ಈಗಷ್ಟೇ ನಿಂತ ಬಿರುಗಾಳಿಯ ಬಗ್ಗೆ ಅದು ಸುಳ್ಳು ಹೇಳುತ್ತದೆ. ಲೋಡ್ ಇಂಟರ್ವಲ್ಲನ್ನು 30 ಸೆಕೆಂಡಿಗೆ ಮೊದಲೇ ಇಳಿಸಿಟ್ಟುಕೊಂಡರೆ ಒಳ್ಳೆಯದು.

ಒಳಬರುವ ಲೆಕ್ಕ ಹೆಚ್ಚಿರುವ ಪೋರ್ಟ್ ಹಿಡಿದು ಮುಂದಿನ ಸ್ವಿಚ್‌ಗೆ ಹೋಗಿ, ಅಲ್ಲೂ ಅದನ್ನೇ ಮಾಡಿ. ಹೀಗೆ ಎರಡು ಮೂರು ನೆಗೆತದಲ್ಲಿ ಮೂಲ ಸಿಗುತ್ತದೆ. ಒಂದೇ ಸ್ವಿಚ್‌ನ ಎರಡು ಪೋರ್ಟ್‌ಗಳಲ್ಲಿ ಒಳಬರುವುದು ಹೆಚ್ಚಿದ್ದರೆ ಆ ಎರಡರ ನಡುವೆಯೇ ದಾರಿ ಇದೆ. ಒಂದೇ ಪೋರ್ಟ್‌ನಲ್ಲಿ ಮಾತ್ರ ಹೆಚ್ಚಿದ್ದು, ಆಚೆ ಮ್ಯಾನೇಜ್ ಮಾಡಲಾಗದ ಪುಟ್ಟ ಸ್ವಿಚ್ ಇದ್ದರೆ, ಆ ಪುಟ್ಟ ಡಬ್ಬಿಯಲ್ಲೇ ಒಂದು ಕೇಬಲ್‌ನ ಎರಡೂ ತುದಿ ಸಿಕ್ಕಿಕೊಂಡಿರುತ್ತದೆ.

ಲೆಕ್ಕ ನೋಡಲು ಆಗದ ಸ್ವಿಚ್‌ಗಳೇ ತುಂಬಿದ್ದರೆ ಕೈಯಿಂದಲೇ ಅರ್ಧರ್ಧ ಮಾಡುತ್ತ ಹೋಗಬೇಕು. ಮಧ್ಯದ ಸ್ವಿಚ್‌ನಿಂದ ಶುರು ಮಾಡಿ. ಮಹಡಿಗಳಿಗೆ ಹೋಗುವ ಅಪ್‌ಲಿಂಕ್‌ಗಳನ್ನು ಒಂದೊಂದಾಗಿ ಕಿತ್ತು ಐದು ಸೆಕೆಂಡ್ ದೀಪ ನೋಡಿ. ಕಿತ್ತ ಕೇಬಲ್ ಎಲ್ಲಿಂದ ಬಂತೆಂದು ಅಲ್ಲೇ ಒಂದು ಚೀಟಿ ಅಂಟಿಸಿ. ಗಾಬರಿಯಲ್ಲಿ ತಪ್ಪು ಪೋರ್ಟ್‌ಗೆ ಮರಳಿ ಹಾಕಿ ಎರಡನೇ ಲೂಪ್ ಮಾಡಿಕೊಳ್ಳುವುದು ಅಪರೂಪವೇನಲ್ಲ. ಲೂಪ್ ಕಡಿದ ಕ್ಷಣದಲ್ಲೇ ಬಿರುಗಾಳಿ ಸಾಯುತ್ತದೆ, ನಿಧಾನಕ್ಕೆ ಇಳಿಯುವುದಿಲ್ಲ. ಆದ್ದರಿಂದ ‘ಸ್ವಲ್ಪ ಕಡಿಮೆಯಾದಂತಿದೆ’ ಎಂದರೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ.

ಕಿತ್ತಾಗ ಮಧ್ಯದ ಸ್ವಿಚ್ ಶಾಂತವಾದರೆ, ಬೇರ್ಪಟ್ಟ ಮಹಡಿಯ ಸ್ವಿಚ್ಚನ್ನು ಹೋಗಿ ನೋಡಿ. ಅದು ಒಂಟಿಯಾಗಿಯೂ ಮಿನುಗುತ್ತಲೇ ಇದ್ದರೆ ಲೂಪ್ ಅದರ ಒಳಗೋ ಅದರ ಕೆಳಗೋ ಇದೆ; ಅಲ್ಲಿ ಪೋರ್ಟ್‌ಗಳ ಅರ್ಧವನ್ನು ಕಿತ್ತು ನೋಡಿ, ಉಳಿದರ್ಧದಲ್ಲಿ ಮತ್ತರ್ಧ. ಎರಡೂ ಕಡೆ ಶಾಂತವಾದರೆ ನೀವು ಕಿತ್ತ ಆ ಕೇಬಲ್ಲೇ ಸುತ್ತಿನ ಒಂದು ಕೊಂಡಿ: ಆ ಮಹಡಿಗೆ ಇನ್ನೊಂದು ದಾರಿ ಎಲ್ಲಿಂದಲೋ ಬಂದಿದೆ, ಅದನ್ನು ಹುಡುಕಿ. ಎಲ್ಲ ಸ್ವಿಚ್‌ಗಳ ಪವರ್ ಆರಿಸಿ ಹಾಕುವುದು ಮಾತ್ರ ಬೇಡ. ಸಾಕ್ಷಿ ಹೇಳುತ್ತಿದ್ದ ಲಾಗ್ ಅಳಿಸಿಹೋಗುತ್ತದೆ, ಕೇಬಲ್ ಅಲ್ಲೇ ಇರುವುದರಿಂದ ಲೂಪ್ ಹಾಗೆಯೇ ಉಳಿಯುತ್ತದೆ.

ಲೂಪ್ ಎಲ್ಲಿ ಹುಟ್ಟುತ್ತದೆ?

ದೊಡ್ಡ ಸ್ವಿಚ್‌ಗಳ ನಡುವೆ ಕಡಿಮೆ, ಮೇಜಿನ ಕೆಳಗೆ ಹೆಚ್ಚು. ಒಂದು ತುದಿ ಗೋಡೆಗೆ ಸಿಕ್ಕಿಕೊಂಡು ಇನ್ನೊಂದು ತುದಿ ನೆಲದಲ್ಲಿ ಬಿದ್ದಿರುವ ಕೇಬಲ್ಲನ್ನು, ಕಳಚಿಬಿದ್ದಿದೆ ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಪಕ್ಕದ ಸಾಕೆಟ್‌ಗೆ ಹಾಕುತ್ತಾರೆ. ಐಪಿ ಫೋನ್‌ನ ಹಿಂದೆ ಎರಡು ಪೋರ್ಟ್ ಇರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಫೋನ್ ಒಳಗಿರುವುದೂ ಒಂದು ಸ್ವಿಚ್ಚೇ. ಎರಡನ್ನೂ ಗೋಡೆಗೆ ಹಾಕಿದರೆ ಸುತ್ತು ಪೂರ್ಣ. ಮೆಶ್ ವೈಫೈ ಪೆಟ್ಟಿಗೆಗಳು ಗಾಳಿಯಲ್ಲೂ ಕೇಬಲ್‌ನಲ್ಲೂ ಒಟ್ಟಿಗೆ ಬೆಸೆದುಕೊಂಡಾಗ, ಲ್ಯಾಪ್‌ಟಾಪ್‌ನಲ್ಲಿ ವೈಫೈ ಮತ್ತು ಕೇಬಲ್ ಎರಡನ್ನೂ ಬ್ರಿಡ್ಜ್ ಮಾಡಿದಾಗ, ಸರ್ವರ್‌ನ ಎರಡು ಕಾರ್ಡ್‌ಗಳನ್ನು ಒಂದೇ ವರ್ಚುವಲ್ ಬ್ರಿಡ್ಜ್‌ಗೆ ಸೇರಿಸಿದಾಗಲೂ ಇದೇ. ಲಿನಕ್ಸ್ ಬ್ರಿಡ್ಜ್‌ನಲ್ಲಿ ಎಸ್‌ಟಿಪಿ, ಅಂದರೆ ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ, ಮೂಲತಃ ಆರಿರುತ್ತದೆ ಎಂಬುದು ನೆನಪಿರಲಿ.

ರ‍್ಯಾಕ್ ಒಳಗಿನ ದೊಡ್ಡ ಅಪರಾಧಿ ಲಿಂಕ್ ಅಗ್ರಿಗೇಶನ್. ಒಂದು ತುದಿಯಲ್ಲಿ ಎರಡು ಪೋರ್ಟ್‌ಗಳನ್ನು ಬಲವಂತವಾಗಿ ಒಂದು ಕಟ್ಟಾಗಿ ಮಾಡಿ, ಇನ್ನೊಂದು ತುದಿಯಲ್ಲಿ ಅವು ಬಿಡಿಬಿಡಿಯಾಗಿಯೇ ಉಳಿದಿದ್ದರೆ ಲೂಪ್ ಆಗುತ್ತದೆ. ‘ಆನ್’ ಎಂಬ ಮೋಡ್ ಬಳಸಬೇಡಿ. ಎರಡೂ ಕಡೆ ಎಲ್‌ಎಸಿಪಿ ಆಕ್ಟಿವ್ ಇಡಿ. ಆಗ ಎದುರಿನವರು ಒಪ್ಪದೆ ಕಟ್ಟು ಮೂಡುವುದಿಲ್ಲ. ಮೊದಲು ಒಂದೇ ಕೇಬಲ್ ಇಟ್ಟು, ಎರಡೂ ತುದಿ ಕಾನ್ಫಿಗರ್ ಮಾಡಿ, ಆಮೇಲೆ ಎರಡನೆಯದನ್ನು ಸಿಕ್ಕಿಸುವ ಕ್ರಮವೇ ಸುರಕ್ಷಿತ.

ಸ್ಪ್ಯಾನಿಂಗ್ ಟ್ರೀ: ಆನ್ ಮಾಡಿದರೆ ಮುಗಿಯಲಿಲ್ಲ

ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದಾಗ ರೂಪಿಸಿದ ಈ ವಿಧಾನ 1990ರಲ್ಲಿ ಐಇಇಇ 802.1ಡಿ ಮಾನಕವಾಯಿತು. ಸ್ವಿಚ್‌ಗಳು ಬಿಪಿಡಿಯು ಎಂಬ ಪುಟ್ಟ ಫ್ರೇಮ್‌ಗಳನ್ನು ಎರಡು ಸೆಕೆಂಡಿಗೊಮ್ಮೆ ಕಳಿಸಿ, ಒಂದು ರೂಟ್ ಸ್ವಿಚ್ಚನ್ನು ಆರಿಸಿಕೊಂಡು, ಅದರತ್ತ ಹೋಗುವ ಹೆಚ್ಚುವರಿ ದಾರಿಗಳನ್ನು ಮುಚ್ಚುತ್ತವೆ. ಹಳೆಯ ಎಸ್‌ಟಿಪಿಯಲ್ಲಿ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಬೇಕು. 2001ರ 802.1ಡಬ್ಲ್ಯು, ಅಂದರೆ ಆರ್‌ಎಸ್‌ಟಿಪಿಯಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿನೊಳಗೇ ಮುಗಿಯುತ್ತದೆ. ಹಳೆಯದನ್ನು ಉಳಿಸಿಕೊಳ್ಳಲು ಇಂದು ಕಾರಣವಿಲ್ಲ. ಆದರೆ ಸ್ವಿಚ್‌ಗಳ ನಡುವಿನ ಲಿಂಕ್ ಫುಲ್ ಡ್ಯುಪ್ಲೆಕ್ಸ್, ಅಂದರೆ ಒಂದೇ ಹೊತ್ತಿಗೆ ಎರಡೂ ದಿಕ್ಕಿಗೆ ಸಾಗುವಂಥದ್ದು, ಇರಬೇಕು. ಹಾಫ್ ಆಗಿದ್ದರೆ ಆರ್‌ಎಸ್‌ಟಿಪಿಯೂ ಆ ಲಿಂಕ್‌ನಲ್ಲಿ ಹಳೆಯ ನಿಧಾನಗತಿಗೆ ಇಳಿಯುತ್ತದೆ.

ರೂಟ್ ಯಾರು ಎಂಬುದನ್ನು ನೀವೇ ನಿರ್ಧರಿಸಿ. ಎಲ್ಲ ಸ್ವಿಚ್‌ಗಳ ಮೂಲ ಪ್ರಯಾರಿಟಿ 32768; ಅತಿ ಚಿಕ್ಕ ಸಂಖ್ಯೆಯದೇ ರೂಟ್ ಆಗುತ್ತದೆ. ಎಲ್ಲವೂ ಸಮವಾದರೆ ಅತಿ ಚಿಕ್ಕ ಮ್ಯಾಕ್ ವಿಳಾಸದ್ದು ಗೆಲ್ಲುತ್ತದೆ, ಅದು ಎಷ್ಟೋ ಸಲ ಮೂಲೆಯಲ್ಲಿ ಬಿದ್ದಿರುವ ಅತಿ ಹಳೆಯ ಸ್ವಿಚ್. ಇಡೀ ಮರ ಅದರ ಸುತ್ತ ಬೆಳೆದು, ವೇಗದ ಲಿಂಕ್‌ಗಳು ಮುಚ್ಚಿ, ಸಂಚಾರವೆಲ್ಲ ಅದರ 100 ಮೆಗಾಬಿಟ್ ಪೋರ್ಟ್ ಮೂಲಕ ಹರಿಯತೊಡಗುತ್ತದೆ. ಮಧ್ಯದ ಸ್ವಿಚ್‌ಗೆ 4096, ಅದಕ್ಕೆ ಬದಲಿಯಾಗಿ ನಿಲ್ಲಬೇಕಾದದ್ದಕ್ಕೆ 8192 ಕೊಡಿ. ಸಂಖ್ಯೆ 4096ರ ಗುಣಕವಾಗಿರಬೇಕು. ಆಮೇಲೆ ‘ಶೋ ಸ್ಪ್ಯಾನಿಂಗ್-ಟ್ರೀ ರೂಟ್’ ಆಜ್ಞೆಯನ್ನು ಪ್ರತಿ ಸ್ವಿಚ್‌ನಲ್ಲೂ ಕೊಟ್ಟು ಎಲ್ಲರೂ ಒಂದೇ ರೂಟ್ ಹೇಳುತ್ತಾರೆಯೇ ನೋಡಿ. ಎರಡು ರೂಟ್ ಕಂಡರೆ ನಡುವೆ ಎಲ್ಲೋ ಬಿಪಿಡಿಯು ಸತ್ತುಹೋಗುತ್ತಿದೆ.

ಬೇರೆ ಬೇರೆ ಕಂಪನಿಯ ಸ್ವಿಚ್‌ಗಳು ಬೆರೆತಿದ್ದರೆ ಎರಡು ವಿಷಯ ಪರೀಕ್ಷಿಸಿ. ಒಂದು, ಪಾತ್ ಕಾಸ್ಟ್ (ರೂಟ್‌ವರೆಗಿನ ದಾರಿ ಎಷ್ಟು ದುಬಾರಿ ಎಂಬ ಅಂಕಿ) ಎಣಿಸುವ ರೀತಿ: ಹಳೆಯ ಪದ್ಧತಿಯಲ್ಲಿ ಗಿಗಾಬಿಟ್‌ಗೆ 4, ಹತ್ತು ಗಿಗಾಬಿಟ್‌ಗೆ 2, ಹೊಸದರಲ್ಲಿ 20000 ಮತ್ತು 2000. ಎರಡೂ ಬೆರೆತರೆ ಲೂಪ್ ಆಗುವುದಿಲ್ಲ, ಆದರೆ ಮುಚ್ಚಬಾರದ ಲಿಂಕ್ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಸಿಸ್ಕೊದ ಪಿವಿಎಸ್‌ಟಿ ಪ್ರತಿ ವಿಎಲ್ಯಾನ್‌ಗೂ ಬೇರೆ ಮರ ಕಟ್ಟುತ್ತದೆ. ಸಾಮಾನ್ಯ ಆರ್‌ಎಸ್‌ಟಿಪಿ ಸ್ವಿಚ್‌ಗೆ ಆ ಭಾಷೆ ತಿಳಿಯದು, ವಿಎಲ್ಯಾನ್ 1ರ ಮಾನಕ ಬಿಪಿಡಿಯು ಮಾತ್ರ ಅರ್ಥವಾಗುತ್ತದೆ. ಟ್ರಂಕ್‌ನಿಂದ (ಹಲವು ವಿಎಲ್ಯಾನ್ ಹೊತ್ತ ಲಿಂಕ್‌ನಿಂದ) ವಿಎಲ್ಯಾನ್ 1ನ್ನು ತೆಗೆದುಹಾಕಿದ್ದರೆ ಇಲ್ಲಿ ಪೇಚಾಟ ಶುರು. ಬೆರಕೆ ಜಾಲಕ್ಕೆ ಎಲ್ಲ ಕಡೆ ಎಂಎಸ್‌ಟಿಪಿ (ಹಲವು ಮರ ಕಟ್ಟುವ ಮಾನಕ ವಿಧಾನ) ಇಡುವುದು ನೆಮ್ಮದಿ.

ಅಂಚಿನ ಪೋರ್ಟ್‌ಗಳು

ಕಂಪ್ಯೂಟರ್, ಫೋನ್, ಪ್ರಿಂಟರ್ ಸಿಕ್ಕಿಸುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಮಾಡಿ. ಸಿಸ್ಕೊ ಇದನ್ನು ಪೋರ್ಟ್‌ಫಾಸ್ಟ್ ಎನ್ನುತ್ತದೆ. ಇಲ್ಲದಿದ್ದರೆ ಹಳೆಯ ಎಸ್‌ಟಿಪಿಯಲ್ಲಿ ಕಂಪ್ಯೂಟರ್ 30 ಸೆಕೆಂಡ್ ಕಾಯಬೇಕು, ಅಷ್ಟರಲ್ಲಿ ಡಿಎಚ್‌ಸಿಪಿ ಕೈಚೆಲ್ಲಿರುತ್ತದೆ. ಆದರೆ ಪೋರ್ಟ್‌ಫಾಸ್ಟ್ ಕೊಟ್ಟ ಪೋರ್ಟ್ ತಕ್ಷಣ ತೆರೆದುಕೊಳ್ಳುವುದರಿಂದ ಬಿಪಿಡಿಯು ಗಾರ್ಡ್ ಜೊತೆಗಿಲ್ಲದೆ ಅದನ್ನು ಕೊಡಲೇಬಾರದು. ಅಂಥ ಪೋರ್ಟ್‌ಗೆ ಒಂದೇ ಒಂದು ಬಿಪಿಡಿಯು ಬಂದರೂ ಗಾರ್ಡ್ ಪೋರ್ಟನ್ನು ಪೂರ್ತಿ ಮುಚ್ಚುತ್ತದೆ. ‘ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್ ಬಿಪಿಡಿಯುಗಾರ್ಡ್ ಡಿಫಾಲ್ಟ್’ ಎಂಬ ಒಂದೇ ಸಾಲು ಇಡೀ ಸ್ವಿಚ್‌ನ ಪೋರ್ಟ್‌ಫಾಸ್ಟ್ ಪೋರ್ಟ್‌ಗಳಿಗೆ ಸಾಕು.

ಹೆಸರಿನಲ್ಲಿ ಹತ್ತಿರವಿರುವ ಬಿಪಿಡಿಯು ಫಿಲ್ಟರ್ ಬೇರೆಯೇ ವಸ್ತು. ಪೋರ್ಟ್ ಮೇಲೆ ನೇರವಾಗಿ ಕೊಟ್ಟರೆ ಅದು ಬಿಪಿಡಿಯು ಕಳಿಸುವುದನ್ನೂ ಕೇಳುವುದನ್ನೂ ನಿಲ್ಲಿಸುತ್ತದೆ, ಅಂದರೆ ಆ ಪೋರ್ಟ್‌ಗೆ ಎಸ್‌ಟಿಪಿಯೇ ಇಲ್ಲ. ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗಲಿ ಎಂದು ಯಾರೋ ಹಾಕಿದ ಈ ಸಾಲು ಎಷ್ಟೋ ಜಾಲಗಳಲ್ಲಿ ಮಲಗಿದ ಹಾವಿನಂತೆ ಕೂತಿರುತ್ತದೆ. ಕಾನ್ಫಿಗರೇಶನ್‌ನಲ್ಲಿ ಹುಡುಕಿ ತೆಗೆಯಿರಿ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ, ಮೇಜಿನ ಕೆಳಗಿನ ಲೂಪ್‌ಗಳು ಜಾಲಕ್ಕೆ ನುಗ್ಗುವುದು ಬಹುಪಾಲು ಅದರಿಂದಲೇ. ಬಿಪಿಡಿಯು ಹೋಗುವ ವಿಳಾಸ 01:80:ಸಿ2:00:00:00 ಕಾಯ್ದಿರಿಸಿದ್ದು. ಮಾನಕದಂತೆ ಅದನ್ನು ಯಾವ ಸ್ವಿಚ್ಚೂ ಮುಂದಕ್ಕೆ ಕಳಿಸಬಾರದು. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಕೆಲವು ಅದನ್ನು ಹರಿಯಬಿಡುತ್ತವೆ, ಕೆಲವು ನುಂಗಿಬಿಡುತ್ತವೆ. ನುಂಗುವಂಥದ್ದರಲ್ಲಿ ಲೂಪ್ ಆದರೆ ಬಿಪಿಡಿಯು ಮರಳಿ ಬರುವುದೇ ಇಲ್ಲ, ಗಾರ್ಡ್‌ಗೆ ಏನೂ ತಿಳಿಯುವುದಿಲ್ಲ, ಬ್ರಾಡ್‌ಕಾಸ್ಟ್ ಮಾತ್ರ ಧಾರಾಳವಾಗಿ ಸುತ್ತಿ ಬರುತ್ತದೆ.

ಇದಕ್ಕಾಗಿಯೇ ಇರುವುದು ಲೂಪ್ ಡಿಟೆಕ್ಷನ್. ಸ್ವಿಚ್ ತನ್ನದೇ ಗುರುತಿನ ಪರೀಕ್ಷಾ ಫ್ರೇಮನ್ನು ಎಲ್ಲ ಸ್ವಿಚ್‌ಗಳೂ ಹರಿಯಬಿಡುವಂಥ ವಿಳಾಸಕ್ಕೆ ಆಗಾಗ ಕಳಿಸುತ್ತದೆ. ಅದು ತನಗೇ ಮರಳಿ ಬಂದರೆ ಪೋರ್ಟ್ ಮುಚ್ಚುತ್ತದೆ. ಡಿ-ಲಿಂಕ್, ಟಿಪಿ-ಲಿಂಕ್ ಮೆನುಗಳಲ್ಲಿ ಲೂಪ್‌ಬ್ಯಾಕ್ ಡಿಟೆಕ್ಷನ್, ಎಚ್‌ಪಿ ಪ್ರೊಕರ್ವ್ ಮತ್ತು ಮಿಕ್ರೊಟಿಕ್‌ನಲ್ಲಿ ಲೂಪ್ ಪ್ರೊಟೆಕ್ಟ್ ಎಂಬ ಹೆಸರು. ಮಿಕ್ರೊಟಿಕ್‌ನಲ್ಲಿ ಮೂಲತಃ ಐದು ಸೆಕೆಂಡಿಗೊಂದು ಫ್ರೇಮ್ ಹೋಗುತ್ತದೆ, ಲೂಪ್ ಸಿಕ್ಕರೆ ಪೋರ್ಟ್ ಐದು ನಿಮಿಷ ಮುಚ್ಚಿರುತ್ತದೆ. ಇದನ್ನು ಎಡ್ಜ್ ಪೋರ್ಟ್‌ಗಳಿಗೆಲ್ಲ ಕೊಡಿ. ಸ್ವಿಚ್‌ಗಳ ನಡುವಿನ ಅಪ್‌ಲಿಂಕ್‌ಗೆ ಕೊಡಬೇಡಿ: ಕೆಳಗೆಲ್ಲೋ ಆದ ಲೂಪ್‌ನಿಂದ ಇಡೀ ಮಹಡಿಯ ಸಂಪರ್ಕ ಕಡಿದುಹೋಗುತ್ತದೆ.

ನಿಮ್ಮ ಸ್ವಿಚ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಪೋರ್ಟ್ ಸೆಕ್ಯುರಿಟಿ ಅದರ ಕೆಲಸ ಸುಮಾರಾಗಿ ಮಾಡುತ್ತದೆ. ಒಂದು ಪೋರ್ಟ್‌ಗೆ ಮೂರು ಮ್ಯಾಕ್ ವಿಳಾಸದ ಮಿತಿ ಹಾಕಿ. ಲೂಪ್ ಆದಾಗ ಜಾಲದ ಎಲ್ಲರ ವಿಳಾಸಗಳೂ ಆ ಪೋರ್ಟ್‌ನಿಂದ ಒಳಬರಲು ನೋಡುತ್ತವೆ, ಮಿತಿ ಮೀರುತ್ತದೆ, ಪೋರ್ಟ್ ಮುಚ್ಚುತ್ತದೆ.

ಮುಚ್ಚಿದ ಪೋರ್ಟ್ ತಾನಾಗಿ ತೆರೆಯಬೇಕೇ? ಸಿಸ್ಕೊದಲ್ಲಿ ತಾನಾಗಿ ತೆರೆಯುವ ವ್ಯವಸ್ಥೆ ಆನ್ ಮಾಡಿದರೆ ಮೂಲ ಅವಧಿ 300 ಸೆಕೆಂಡ್. ಲೂಪ್ ಹಾಗೆಯೇ ಇದ್ದರೆ ಐದು ನಿಮಿಷಕ್ಕೊಮ್ಮೆ ಜಾಲ ಒಂದೆರಡು ಸೆಕೆಂಡ್ ತೊದಲುತ್ತದೆ, ಕಾರಣ ತಿಳಿಯದೆ ಬಳಕೆದಾರರು ಗೊಣಗುತ್ತಾರೆ. ಹತ್ತಿರ ಜನರಿರುವ ಕಡೆ ಇದನ್ನು ಆಫ್ ಮಾಡಿಡುವುದೇ ಸರಿ. ಕೈಗೆ ಸಿಗದ ದೂರದ ಕಟ್ಟಡವಾದರೆ 30 ನಿಮಿಷ ಇಟ್ಟು, ಲಾಗ್ ಸಂದೇಶ ನಿಮಗೆ ಬರುವಂತೆ ಮಾಡಿ.

ಸ್ಟಾರ್ಮ್ ಕಂಟ್ರೋಲ್ ಲೂಪನ್ನು ತಡೆಯುವುದಿಲ್ಲ, ಹಾನಿಗೆ ಕಡಿವಾಣ ಹಾಕುತ್ತದೆ ಅಷ್ಟೇ. ಗಿಗಾಬಿಟ್ ಪೋರ್ಟ್‌ನಲ್ಲಿ 1 ಶೇಕಡಾ ಎಂದರೆ ಕಡಿಮೆ ಅನ್ನಿಸಬಹುದು, ಆದರೆ ಅದು ಚಿಕ್ಕ ಫ್ರೇಮ್‌ಗಳಲ್ಲಿ ಸೆಕೆಂಡಿಗೆ ಸುಮಾರು 14,880. ಫ್ರೇಮ್ ಲೆಕ್ಕದಲ್ಲಿ ಮಿತಿ ಹಾಕಲು ಬಂದರೆ ಅದನ್ನೇ ಆರಿಸಿ. ಒಂದು ವಾರ ಸಾಮಾನ್ಯ ಬ್ರಾಡ್‌ಕಾಸ್ಟ್ ಅಳೆದು, ಕಂಡ ಅತಿ ಹೆಚ್ಚಿನ ಸಂಖ್ಯೆಯ ಹತ್ತು ಪಟ್ಟು ಇಟ್ಟರೆ ಸುಳ್ಳು ಎಚ್ಚರಿಕೆ ಬರುವುದು ಕಡಿಮೆ. ತೀರ ಬಿಗಿ ಮಾಡಿದರೆ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕಂಪ್ಯೂಟರ್ ಹಚ್ಚಿದಾಗ ನಿಜವಾದ ಎಆರ್‌ಪಿ, ಡಿಎಚ್‌ಸಿಪಿ ಕೂಡ ಉದುರಿಹೋಗುತ್ತವೆ.

ಸ್ವಿಚ್‌ಗಳ ನಡುವಿನ ಲಿಂಕ್‌ಗಳು

ಮುಚ್ಚಿದ ಪೋರ್ಟ್ ಮುಚ್ಚಿಯೇ ಇರುವುದು ಎದುರಿನಿಂದ ಬಿಪಿಡಿಯು ಬರುತ್ತಿರುವವರೆಗೆ ಮಾತ್ರ. ಬರುವುದು ನಿಂತರೆ, ದಾರಿ ಕಡಿದಿದೆ ಎಂದು ಭಾವಿಸಿ ಸ್ವಿಚ್ ಆ ಪೋರ್ಟನ್ನು ತೆರೆಯುತ್ತದೆ. ಫೈಬರ್‌ನ ಎರಡು ಎಳೆಗಳಲ್ಲಿ ಒಂದು ಮಾತ್ರ ಕೆಟ್ಟಾಗ, ಒಂದು ಕಡೆ ಹಾಫ್ ಇನ್ನೊಂದು ಕಡೆ ಫುಲ್ ಡ್ಯುಪ್ಲೆಕ್ಸ್ ಆಗಿ ಫ್ರೇಮ್‌ಗಳು ಕಳೆದುಹೋದಾಗ, ಸ್ವಿಚ್‌ನ ಸಿಪಿಯು ಉಸಿರುಗಟ್ಟಿದಾಗ ಹೀಗಾಗುತ್ತದೆ. ಏನೂ ಮುಟ್ಟದೆ ಮಧ್ಯರಾತ್ರಿ ಲೂಪ್ ಆಯಿತು ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಬಿಪಿಡಿಯು ನಿಂತರೂ ಪೋರ್ಟ್ ತೆರೆಯಲು ಬಿಡದ ಲೂಪ್ ಗಾರ್ಡನ್ನು ಅಪ್‌ಲಿಂಕ್‌ಗಳಿಗೆ ಕೊಡಿ, ಒಂದೇ ದಿಕ್ಕಿಗೆ ಸಾಗುತ್ತಿರುವ ಲಿಂಕನ್ನು ಪತ್ತೆಹಚ್ಚುವ ಯುಡಿಎಲ್‌ಡಿಯನ್ನು ಫೈಬರ್‌ಗಳಿಗೆ ಸೇರಿಸಿ. ಕೆಳಗಿನ ಸ್ವಿಚ್‌ಗಳತ್ತ ಮುಖಮಾಡಿದ ಪೋರ್ಟ್‌ಗಳಿಗೆ, ಆಚೆಯ ಸ್ವಿಚ್ ರೂಟ್ ಆಗದಂತೆ ತಡೆಯುವ ರೂಟ್ ಗಾರ್ಡ್ ಸಾಕು. ಅದನ್ನೂ ಲೂಪ್ ಗಾರ್ಡನ್ನೂ ಒಂದೇ ಪೋರ್ಟ್‌ಗೆ ಕೊಡುವುದಿಲ್ಲ.

ಉಳಿದದ್ದು ಶಿಸ್ತಿನ ಕೆಲಸ. ಬಳಸದ ಪೋರ್ಟ್‌ಗಳನ್ನು ಮುಚ್ಚಿಡಿ. ಕೇಬಲ್‌ನ ಎರಡೂ ತುದಿಗೆ ಹೆಸರು ಚೀಟಿ ಹಚ್ಚಿ, ಅಪ್‌ಲಿಂಕ್‌ಗೆ ಬೇರೆ ಬಣ್ಣ ಇಡಿ. ಒಂದು ತುದಿ ಕಿತ್ತರೆ ಇನ್ನೊಂದನ್ನೂ ಕಿತ್ತು ಸುತ್ತಿಡಿ.

ಪರೀಕ್ಷೆ

ಲೂಪ್ ಮಾಡಿ ನೋಡದೆ ರಕ್ಷಣೆ ಇದೆ ಎಂದು ನಂಬಬೇಡಿ. ಯಾರೂ ಕೆಲಸ ಮಾಡದ ಹೊತ್ತು ಆರಿಸಿ, ಅಂಚಿನ ಒಂದು ಸ್ವಿಚ್‌ಗೆ ಕನ್ಸೋಲ್ ಹಾಕಿ, ಅರ್ಧ ಮೀಟರ್‌ನ ಪ್ಯಾಚ್ ಕಾರ್ಡ್‌ನಿಂದ ಎರಡು ಎಡ್ಜ್ ಪೋರ್ಟ್‌ಗಳನ್ನು ಜೋಡಿಸಿ. ಕೈ ಕೇಬಲ್ ಮೇಲೇ ಇರಲಿ. ಎರಡು ಮೂರು ಸೆಕೆಂಡಿನಲ್ಲಿ ಕನಿಷ್ಠ ಒಂದು ಪೋರ್ಟ್ ಮುಚ್ಚಿ, ಬಿಪಿಡಿಯು ಗಾರ್ಡ್‌ನ ಸಂದೇಶ ಲಾಗ್‌ನಲ್ಲಿ ಬರಬೇಕು. ಆಮೇಲೆ ಒಂದು ಪುಟ್ಟ ಅನ್‌ಮ್ಯಾನೇಜ್ಡ್ ಸ್ವಿಚ್ಚನ್ನು ಎಡ್ಜ್ ಪೋರ್ಟ್‌ಗೆ ಹಾಕಿ, ಅದರದೇ ಎರಡು ಪೋರ್ಟ್‌ಗಳನ್ನು ಜೋಡಿಸಿ ನೋಡಿ. ಕಷ್ಟದ ಪರೀಕ್ಷೆ ಇದೇ. ಪರೀಕ್ಷಾ ಫ್ರೇಮ್ ಹೋಗುವ ಅವಧಿಗಿಂತ ಒಂದೆರಡು ಸೆಕೆಂಡ್ ಹೆಚ್ಚು ಕಾಯಿರಿ. ಅಷ್ಟು ಹೊತ್ತು ಕಳೆದರೂ ಪೋರ್ಟ್ ಮುಚ್ಚದಿದ್ದರೆ ಕೇಬಲ್ ಕೀಳಿ. ಆ ಪೋರ್ಟ್‌ನಲ್ಲಿ ಲೂಪ್ ಡಿಟೆಕ್ಷನ್ ಆನ್ ಆಗಿದೆಯೇ, ಇಡೀ ಸ್ವಿಚ್‌ನ ಮೇಲೂ ಅದನ್ನು ಬೇರೆಯಾಗಿ ಆನ್ ಮಾಡಬೇಕಿತ್ತೇ, ‘ಆಕ್ಷನ್’ (ಕ್ರಮ) ಎಂಬಲ್ಲಿ ಪೋರ್ಟ್ ಮುಚ್ಚುವುದರ ಬದಲು ಬರೀ ಎಚ್ಚರಿಕೆ ಎಂದು ಇದೆಯೇ ನೋಡಿ, ಸರಿಪಡಿಸಿ ಮತ್ತೆ ಜೋಡಿಸಿ.